ಒಂದು ‘ಬಾ’, ಎರಡು ಗೊನೆ ಹಸಿ ಅಡಿಕೆ

ಮೊದಲೇ ಹೇಳಿಬಿಡುತ್ತೇನೆ, ನಾವು ಗೆದ್ದು ಬಂದಿದ್ದೇವೆ. ಪರದೇಶಕ್ಕೆ ಹೋಗಿ ಬಂದವರು ಬೆಟ್ಟ ನೋಡಿದೆವು, ಕಡಲು ನೋಡಿದೆವು ಎಂದು ಶುರುಮಾಡಿ ಕೊನೆಗೆ ಹೊಟ್ಟೆ ಕೆಟ್ಟ ಕತೆಯಲ್ಲಿ ನಿಲ್ಲಿಸುವುದುಂಟು. ನನಗೆ ಅಷ್ಟು ತಾಳ್ಮೆ ಇಲ್ಲ. ವಿಯೆಟ್ನಾಮಿನ ಒಂದು ಹಳ್ಳಿಯಲ್ಲಿ ನನ್ನ ಅಣ್ಣ ಲಿಂಗಪ್ಪ ಗೌಡರು ನಮ್ಮೂರು ಮರ್ಕಂಜದ ಮಾನ ಉಳಿಸಿದರು. ನಾನು ಕೆಳಗೆ ನಿಂತು ಕಣ್ಣಾರೆ ನೋಡಿದೆ. ಅದು ಹೇಗೆ ಎಂಬುದಷ್ಟೇ ಇನ್ನು ಹೇಳಲಿಕ್ಕಿರುವುದು.

ಪುತ್ತೂರು, ನೆಟ್ಟಣ

ನನ್ನದು ಪುತ್ತೂರಿನಲ್ಲಿ ಒಂದು ಹೊಲಿಗೆ ಅಂಗಡಿ. ಮೂವತ್ತು ವರ್ಷದಿಂದ ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿದೆ. ರವಿಕೆ ಹೊಲಿಸಲು ಬರುವ ಹೆಂಗಸರು ಹಿಂದೆ ಉಳಿದ ಮಕ್ಕಳನ್ನು ಬಾಗಿಲಿನಿಂದ ಕರೆಯುವುದನ್ನು ಕೇಳಿ ಕೇಳಿ ನನಗೆ ಒಂದು ಹುಚ್ಚು ಹಿಡಿದಿತ್ತು. ನಾವು ‘ಬಾ’ ಎನ್ನುತ್ತೇವೆ. ತುಳುವರು ‘ಬಲ’ ಎನ್ನುತ್ತಾರೆ. ಕಡಬ, ನೆಲ್ಯಾಡಿ ಕಡೆಯಿಂದ ಬರುವ ಮಲಯಾಳದ ಕ್ರಿಶ್ಚಿಯನ್ ಹೆಂಗಸರು ‘ವಾ’ ಎನ್ನುತ್ತಾರೆ. ಬ್ಯಾರಿಗಳದ್ದು ಹೆಚ್ಚುಕಡಿಮೆ ನಮ್ಮದೇ. ಇವೆಲ್ಲ ಒಂದೇ ಬಟ್ಟೆಯ ತುಂಡುಗಳು ಎಂದು ಹೊಲಿಯುವವಳಿಗೆ ತಿಳಿಯದೆ ಇರುತ್ತದೆಯೇ? ಆದರೆ ಅಡಿಕೆ ವ್ಯಾಪಾರದ ಒಬ್ಬ ಗುಜರಾತಿಯ ಮನೆಗೆ ಅಳತೆ ತೆಗೆಯಲು ಹೋದಾಗ ನೋಡುತ್ತೇನೆ, ಅಲ್ಲಿ ‘ಬಾ’ ಎಂದರೆ ತಾಯಿ. ಬಣ್ಣ ಒಂದೇ, ಬಟ್ಟೆ ಬೇರೆ. ಅಂದಿನಿಂದ ಈ ಒಂದಕ್ಷರ ಎಲ್ಲಿ ಕಿವಿಗೆ ಬಿದ್ದರೂ ನಾನು ತಲೆ ಎತ್ತುತ್ತೇನೆ.

ಅಣ್ಣನ ಮಗ ಶರತ್ ಮೂರು ವರ್ಷದಿಂದ ವಿಯೆಟ್ನಾಮಿನ ದನಾಂಗ್ ಎಂಬ ಊರಿನಲ್ಲಿ ಯೋಗ ಕಲಿಸುತ್ತಾನೆ. ಮನೆಯಲ್ಲಿದ್ದಾಗ ಅವನನ್ನು ಬೆಳಿಗ್ಗೆ ಏಳಿಸಲು ನೀರು ಚಿಮುಕಿಸಬೇಕಾಗುತ್ತಿತ್ತು. ಅಲ್ಲಿ ಐದೂವರೆಗೆ ಎದ್ದು ಬೇರೆಯವರ ಬೆನ್ನು ನೆಟ್ಟಗೆ ಮಾಡುತ್ತಾನಂತೆ. ಹಾಗೆ ಯೋಗಕ್ಕೆ ಬಂದ ಲಿಯೆನ್ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಅವನು ಹೇಳಿದಾಗ ಅತ್ತಿಗೆ ಒಂದು ದಿನ ಅತ್ತು ಎರಡನೆಯ ದಿನ ಹುಡುಗಿಯ ಫೋಟೋ ಕೇಳಿದರು. ಅಣ್ಣ ಮಾತ್ರ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ವಿಡಿಯೋ ಕರೆಯಲ್ಲಿ ಹುಡುಗಿ ಬಂದ ಕೂಡಲೇ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಒಂದು ವರ್ಷದಲ್ಲಿ ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ.

ಲಿಯೆನ್‌ಳ ತಾಯಿ ಇಲ್ಲ, ಅಜ್ಜಿ ಸಾಕಿದ್ದು. ಗಂಡಿನ ಕಡೆಯ ಹಿರಿಯರು ಹೋಗಿ ಅಡಿಕೆ ವೀಳ್ಯ ಮುಂದಿಟ್ಟು ಕೇಳಬೇಕು, ಅಜ್ಜಿ ಅದರಿಂದ ಒಂದು ಅಡಿಕೆ ಎತ್ತಿಕೊಂಡರೆ ಒಪ್ಪಿಗೆ, ಎತ್ತದಿದ್ದರೆ ಮದುವೆಯ ಮಾತೇ ಇಲ್ಲ. ಶರತ್ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ನಿಶ್ಚಯವೆಂದರೆ ವೀಳ್ಯಶಾಸ್ತ್ರವೇ. ಸುಳ್ಯದವರಿಗೆ ಅಡಿಕೆಯ ಪರೀಕ್ಷೆಯೇ? ಮೀನಿಗೆ ಈಜು ಕಲಿಸಿದ ಹಾಗಾಯಿತು ಎಂದೆ. ಅತ್ತಿಗೆ ದನಗಳನ್ನು ಬಿಟ್ಟು ಬರುವಂತಿರಲಿಲ್ಲ. “ಒಪ್ಪಿಗೆ ತೆಗೊಂಡೇ ಬಾ” ಎಂದು ನನ್ನ ಕೈ ಹಿಡಿದು ಹೇಳಿದರು. ಅಣ್ಣನನ್ನು ಹೊರಡಿಸುವ ಕೆಲಸವೂ ನನ್ನ ತಲೆಗೇ ಬಂತು.

ಪುತ್ತೂರಿನಲ್ಲಿ ನಾನು ರೈಲು ಹತ್ತಿದೆ. ನೆಟ್ಟಣದಲ್ಲಿ ಅಣ್ಣ ಹತ್ತಿದರು. ಬಟ್ಟೆಯ ಚೀಲ ಹೆಗಲಿಗೆ ಹೇಗೋ ಜೋತಿತ್ತು, ಆದರೆ ಒಂದು ತಗಡಿನ ಡಬ್ಬಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದರು. ಒಳಗೆ ಎರಡು ವರ್ಷ ಹಳತಾದ ಒಣ ಅಡಿಕೆ, ಪೇಟೆಯವರು ಡಬಲ್ ಚೋಲ್ ಎನ್ನುವುದು. ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ್ದಂತೆ. ಮನಸ್ಸಿಲ್ಲದ ಮದುವೆಗೆ ಇಷ್ಟು ಒಳ್ಳೆಯ ಅಡಿಕೆ ಯಾಕೆ ಎಂದು ಕೇಳಿದೆ. ಮದುವೆ ಯಾರದ್ದಾದರೂ ಅಡಿಕೆ ನಮ್ಮದಲ್ಲವಾ ಎಂದರು. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಅಣ್ಣನ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿದ್ದೇನೆ.

ಕ್ವಾಲಾಲಂಪುರ

ಇಲ್ಲಿ ವಿಮಾನ ಬದಲಿಸಲು ನಾಲ್ಕು ಗಂಟೆ ಕಾಯಬೇಕಿತ್ತು. ನಾನು ಕೈತೊಳೆದು ಬರುವಷ್ಟರಲ್ಲಿ ಅಣ್ಣ ಮಾಯ. ಹುಡುಕಿ ಹುಡುಕಿ ಕಾಲು ಸೋತ ಮೇಲೆ ಸಿಕ್ಕಿದರು. ಅಲಂಕಾರಕ್ಕೆಂದು ದೊಡ್ಡ ಕುಂಡದಲ್ಲಿ ಇಟ್ಟಿದ್ದ, ಅಡಿಕೆಯ ಜಾತಿಯ ಒಂದು ಗಿಡದ ಬುಡ ಕೆದಕುತ್ತ ನಿಂತಿದ್ದರು. ಒಬ್ಬ ಪೊಲೀಸನೂ ಪಕ್ಕದಲ್ಲಿ ನಿಂತಿದ್ದ. ಇದಕ್ಕೆ ನೀರು ಜಾಸ್ತಿ ಆಗಿದೆ ಎಂದು ಅಣ್ಣ ಅವನಿಗೆ ತುಳುವಿನಲ್ಲಿ ವಿವರಿಸುತ್ತಿದ್ದರು. ಕನ್ನಡ ತಿಳಿಯದವರಿಗೆಲ್ಲ ತುಳು ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಕಾಯುವ ಕುರ್ಚಿಯಲ್ಲಿ ಪಕ್ಕಕ್ಕೆ ಬಂದು ಕುಳಿತವಳು ಸಬಾ ಎಂಬ ಪ್ರಾಂತ್ಯದವಳು. ಮೊಬೈಲಿನಲ್ಲಿ ಮಾತಾಡುತ್ತ ಪ್ರತಿ ವಾಕ್ಯದ ಕೊನೆಗೂ ಒಂದು ‘ಬಾ’ ಸೇರಿಸುತ್ತಿದ್ದಳು. ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಥ ಕೇಳಿದೆ. ಅವಳು ಯೋಚಿಸಿ, ಅದಕ್ಕೆ ಅರ್ಥ ಇಲ್ಲ, ಅದಿಲ್ಲದಿದ್ದರೆ ಮಾತು ಒರಟಾಗುತ್ತದೆ ಅಷ್ಟೇ ಎಂದಳು. ನಮ್ಮ ‘ಮಾರಾಯ್ರೆ’ಯ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ ಎಂದು ನಾನು ತಿಳಿದುಕೊಂಡೆ. ಅವಳು ಎದ್ದು ಹೋಗುವಾಗಲೂ ‘ಬಾ’ ಎಂದೇ ಹೋದಳು. ಬಣ್ಣ ಒಂದೇ, ಬಟ್ಟೆ ಮೂರನೆಯದು.

ದನಾಂಗ್

ವಿಮಾನ ನಿಲ್ದಾಣದಲ್ಲಿ ಡಬ್ಬಿ ತೆಗೆಯಿಸಿದರು. ಅಧಿಕಾರಿ ಒಂದು ಅಡಿಕೆಯನ್ನು ಮೂಸಿ ನೋಡಿ, ಮೇಜಿಗೆ ಕುಟ್ಟಿ ನೋಡಿ, ಇನ್ನೊಬ್ಬನನ್ನು ಕರೆದು ಅವನಿಂದಲೂ ಕುಟ್ಟಿಸಿ, ಕೊನೆಗೆ ಹೋಗಿ ಎಂದ. ಗುಣ ನೋಡಿ ಬಿಟ್ಟ ಎಂದು ಅಣ್ಣನಿಗೆ ಹೆಮ್ಮೆ. ಇದು ಏನೆಂದು ತಿಳಿಯದೆ ಬಿಟ್ಟ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೊರಗೆ ಶರತ್ ಮತ್ತು ಲಿಯೆನ್ ಕಾದಿದ್ದರು. ಲಿಯೆನ್ ಕೈಮುಗಿದಳು. ಅಣ್ಣನೂ ಮುಗಿದರು, ಆದರೆ ಅವಳ ತಲೆಯ ಮೇಲಿಂದ ಎಲ್ಲಿಗೋ ನೋಡಿಕೊಂಡು. ಶರತ್‌ನ ಮುಖ ಬಾಡಿತು. ನನಗೂ ಸಿಟ್ಟು ಬಂತು, ನುಂಗಿಕೊಂಡೆ.

ಆ ಊರಿನ ಜನ ಮಕ್ಕಳ ಆಟದ ಕುರ್ಚಿಯಷ್ಟು ಗಿಡ್ಡ ಸ್ಟೂಲಿನಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಕಾಫಿ ಹನಿ ಹನಿಯಾಗಿ ಇಳಿಯುವವರೆಗೆ ಯಾರಿಗೂ ಅವಸರ ಇಲ್ಲ. ಅದೇ ಜನ ಬೈಕು ಹತ್ತಿದರೆ ಬೆಂಕಿ ಬಿದ್ದ ಹಾಗೆ ಓಡುತ್ತಾರೆ. ಮಧ್ಯಾಹ್ನ ಅಂಗಡಿಯವರು ಅಂಗಡಿಯಲ್ಲೇ ಮಡಚುವ ಮಂಚ ಹಾಕಿ ಮಲಗುವುದನ್ನು ನೋಡಿದಾಗ ಮಾತ್ರ ಪುತ್ತೂರಿನ ನನ್ನ ಅಂಗಡಿಯೇ ಕಣ್ಣ ಮುಂದೆ ಬಂತು. ನಾನು ಮಂಚ ಹಾಕುವುದಿಲ್ಲ, ಬಟ್ಟೆಯ ರಾಶಿಯ ಮೇಲೆ ಒರಗುತ್ತೇನೆ.

ಕಾಫಿ ಇಳಿಯುವ ಹೊತ್ತಿನಲ್ಲಿ ಲಿಯೆನ್ ನನಗೆ ಮಾತು ಕಲಿಸಿದಳು. ನಾಳೆ ಅಜ್ಜಿಯನ್ನು ‘ಬಾ’ ಎಂದು ಕರೆಯಬೇಕು. ಅದಕ್ಕೇನು, ಹುಟ್ಟಿದಂದಿನಿಂದ ಹೇಳುತ್ತಿದ್ದೇನೆ ಎಂದು ನಾನು ಹೇಳಿದೆ. ಅಲ್ಲ, ದನಿ ಕೆಳಗೆ ಇಳಿಯಬೇಕು ಎಂದಳು. ದನಿ ಸಪಾಟಾಗಿ ಉಳಿದರೆ ಅದು ತಂದೆ. ಮೂರು ಎಂಬ ಸಂಖ್ಯೆಯೂ ಅದೇ. ಮೇಲಕ್ಕೆ ಏರಿದರೆ ಉತ್ತರದ ಕಡೆಯವರಿಗೆ ದೊಡ್ಡಮ್ಮ. ನಡುವೆ ಒಂದು ಬಿಕ್ಕಳಿಕೆ ಬಂದಂತೆ ಹೇಳಿದರೆ ಎಲೆಯಡಿಕೆ ಜಗಿದು ಉಗುಳುವ ಚರಟ. ನಾನು ಚೀಲದಿಂದ ಹೊಲಿಗೆಯ ಸೀಮೆಸುಣ್ಣ ತೆಗೆದು ಕರ್ಚೀಫಿನ ಮೇಲೆ ಗೆರೆ ಎಳೆದುಕೊಂಡೆ. ನೇರ ಗೆರೆ ತಂದೆ, ಇಳಿಯುವ ಗೆರೆ ಅಜ್ಜಿ, ಏರುವ ಗೆರೆ ದೊಡ್ಡಮ್ಮ, ಅಂಕುಡೊಂಕು ಗೆರೆ ಚರಟ.

ಇವೆಲ್ಲ ಒಂದರಿಂದ ಹುಟ್ಟಿದ್ದಾ ಎಂದು ಕೇಳಿದೆ. ಇಲ್ಲವಂತೆ. ಮೂರು ಎನ್ನುವುದು ಅವರ ಹಿರಿಯರ ಸ್ವಂತದ ಮಾತು, ಅಜ್ಜಿ ಮತ್ತು ದೊಡ್ಡಮ್ಮ ಹಿಂದೆ ಯಾವಾಗಲೋ ಚೀನಾದ ಕಡೆಯಿಂದ ಬಂದು ಉಳಿದವರು. ನಮ್ಮ ‘ಬಾ’ಗೂ ಇವುಗಳಿಗೂ ಏನೇನೂ ನೆಂಟಸ್ತಿಕೆ ಇಲ್ಲ. ನನಗೆ ಸ್ವಲ್ಪ ಬೇಸರವಾಯಿತು. ದೂರದ ಊರಿನ ಜಾತ್ರೆಯಲ್ಲಿ ನಮ್ಮವರಂತೆ ಕಂಡವರನ್ನು ಮಾತಾಡಿಸಿದರೆ ಬೇರೆಯವರಾಗಿರುತ್ತಾರಲ್ಲ, ಹಾಗೆ. ಅಣ್ಣ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಡಬ್ಬಿ ಅವರ ತೊಡೆಯ ಮೇಲೇ ಇತ್ತು.

ಅಜ್ಜಿಯ ಜಗಲಿ

ದನಾಂಗ್‌ನಿಂದ ಒಂದೂವರೆ ಗಂಟೆ ದೂರದಲ್ಲಿ ಲಿಯೆನ್‌ಳ ಹಳ್ಳಿ. ಕಾರು ಇಳಿದ ಕೂಡಲೇ ಅಣ್ಣ ಮೇಲಕ್ಕೆ ನೋಡಿದರು. ಮನೆಯ ಸುತ್ತ ಸಪುರ ಸಪುರ ಅಡಿಕೆ ಮರಗಳು, ನಮ್ಮವಕ್ಕಿಂತ ಎತ್ತರ. ಎರಡು ದಿನದಲ್ಲಿ ಮೊದಲ ಬಾರಿಗೆ ಅವರ ಮುಖ ಅರಳಿತು.

ಅಜ್ಜಿಗೆ ಎಂಬತ್ತು ದಾಟಿದೆ. ಗಿಡ್ಡ ದೇಹ, ಎಲೆಯಡಿಕೆ ಜಗಿದು ಕಪ್ಪಾದ ಹಲ್ಲು, ಒಂದು ನೋಟದಲ್ಲಿ ನಮ್ಮಿಬ್ಬರನ್ನೂ ತೂಗಿಬಿಟ್ಟರು. ನಾನು ದನಿ ಇಳಿಸಿ ‘ಬಾ’ ಎಂದು ನಮಸ್ಕರಿಸಿದೆ. ತಲೆ ಆಡಿಸಿದರು. ನೆರೆಕರೆಯ ಆರೇಳು ಜನ ಬಂದು ಕುಳಿತಿದ್ದರು. ಲಿಯೆನ್‌ಳ ತಂದೆ ಕೆಂಪು ಬಟ್ಟೆ ಹಾಸಿದ ತಟ್ಟೆಯನ್ನು ಅಣ್ಣನ ಮುಂದೆ ಇಟ್ಟರು. ಅಣ್ಣ ಡಬ್ಬಿ ತೆರೆದು ಎರಡೂ ಕೈಯಿಂದ ತಟ್ಟೆ ತುಂಬ ಅಡಿಕೆ ಸುರಿದರು.

ಅಜ್ಜಿ ಒಂದು ಅಡಿಕೆ ಎತ್ತಿದರು, ನನಗೆ ಜೀವ ಬಂತು. ಆದರೆ ಅವರು ಅದನ್ನು ನೆಲಕ್ಕೆ ಟಕ ಟಕ ಎಂದು ಕುಟ್ಟಿ ಮತ್ತೆ ತಟ್ಟೆಗೇ ಹಾಕಿ ಏನೋ ಕೇಳಿದರು. ಲಿಯೆನ್ ತಲೆ ತಗ್ಗಿಸಿದಳು. ಅನುವಾದ ಮಾಡಬೇಕಾದ ಶರತ್ ತಟ್ಟೆಯ ಬಟ್ಟೆ ಸರಿಮಾಡತೊಡಗಿದ. ನಾನು ಒತ್ತಾಯ ಮಾಡಿದ ಮೇಲೆ ಹೇಳಿದ.

“ನೀವು ಮದುವೆಗೆ ಬಂದದ್ದಾ, ಬೊಜ್ಜಕ್ಕೆ ಬಂದದ್ದಾ ಅಂತ ಕೇಳ್ತಿದ್ದಾರೆ ಅತ್ತೆ.”

ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಅಲ್ಲಿ ಮದುವೆಗೆ ಕೊಂಡೊಯ್ಯುವುದು ಹಸಿರು ಅಡಿಕೆ, ಗೊನೆ ಸಮೇತ, ಒಂದೂ ಉದುರದೆ. ಬದುಕು ಶುರುವಾಗುವ ಮನೆಗೆ ಒಣಗಿದ್ದನ್ನು ತರುತ್ತಾರೆಯೇ? ಲಿಯೆನ್ ಇದನ್ನು ಹೇಳಿರಲಿಲ್ಲ, ಯಾಕೆಂದರೆ ಅವಳ ಪ್ರಕಾರ ಅಡಿಕೆ ಎಂದರೆ ಹಸಿರು. ಶರತ್ ಕೇಳಿರಲಿಲ್ಲ, ಯಾಕೆಂದರೆ ಮರ್ಕಂಜದಲ್ಲಿ ಹುಟ್ಟಿದವನಿಗೆ ಮರ್ಯಾದೆಯ ಅಡಿಕೆ ಎಂದರೆ ಹಣ್ಣಾಗಿ, ಅಂಗಳದಲ್ಲಿ ಒಣಗಿ, ಹಳತಾದ ಅಡಿಕೆ. ಹಸಿಯದ್ದು ಕಾಯಲಾರದವರು ತಿನ್ನುವಂಥದ್ದು. ಮೀನಿಗೆ ಈಜು ಎಂದು ನಕ್ಕವಳು ನಾನು. ನನ್ನ ಮುಖಕ್ಕೆ ಬಿಸಿ ನೀರು ಎರಚಿದ ಹಾಗಾಯಿತು.

ನಾನು ನಮ್ಮ ಪದ್ಧತಿ ವಿವರಿಸಿದೆ. ಎರಡು ವರ್ಷ ಕಾಪಾಡಿದ್ದು, ನಮ್ಮಲ್ಲಿ ಇದಕ್ಕಿಂತ ದೊಡ್ಡ ಗೌರವ ಇಲ್ಲ ಎಂದೆ. ಶರತ್ ತಡವರಿಸುತ್ತ ಅನುವಾದ ಮಾಡಿದ. ಅಜ್ಜಿ ಕೇಳಿಸಿಕೊಂಡು ನಿಧಾನವಾಗಿ ಉತ್ತರ ಕೊಟ್ಟರು. ಅಡಿಕೆ ಗೊತ್ತಿಲ್ಲದ ಮನೆಗೆ ಹುಡುಗಿಯನ್ನು ಹೇಗೆ ಕೊಡುವುದು ಎಂದು.

ಅಡಿಕೆ ಗೊತ್ತಿಲ್ಲದ ಮನೆ. ಇದನ್ನು ಲಿಂಗಪ್ಪ ಗೌಡರಿಗೆ ಹೇಳಿದ್ದು. ಬಾಯಿಗೆ ಬಂದದ್ದನ್ನು ಆಡಿಬಿಡುತ್ತಾರೋ ಎಂದು ನಾನು ಅವರ ಮೊಣಕೈ ಹಿಡಿದೆ. ಅಣ್ಣ ಕೈ ಬಿಡಿಸಿಕೊಂಡು ಜಗಲಿ ಇಳಿದು ಹೊರಟೇಹೋದರು. ಎಲ್ಲ ಮುಗಿಯಿತು ಎಂದು ಶರತ್ ಗೋಡೆಗೆ ಒರಗಿದ. ಅತ್ತಿಗೆಗೆ ಏನು ಹೇಳಲಿ ಎಂದು ನಾನು ಯೋಚಿಸತೊಡಗಿದೆ.

ಮರದ ಮೇಲೆ

ಅಣ್ಣ ಹೊರಟದ್ದು ಕಾರಿನ ಕಡೆಗಲ್ಲ, ಮರದ ಕಡೆಗೆ. ಒಂದೊಂದು ಬುಡವನ್ನೂ ಅಂಗೈಯಿಂದ ತಟ್ಟುತ್ತ, ಕತ್ತೆತ್ತಿ ನೋಡುತ್ತ ಒಂದು ಸುತ್ತು ಬಂದರು. ಆಮೇಲೆ ಶರತ್‌ನನ್ನು ಕರೆದು, ಇಷ್ಟು ಒಳ್ಳೆಯ ಗೊನೆ ಇಟ್ಟುಕೊಂಡು ಯಾಕೆ ಕೊಯ್ದಿಲ್ಲ ಕೇಳು ಎಂದರು. ಮರ ಹತ್ತುವವನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಆ ಎತ್ತರಕ್ಕೆ ಬೇರೆ ಯಾರೂ ಹತ್ತುವುದಿಲ್ಲ ಎಂದು ಉತ್ತರ ಬಂತು. ಅಣ್ಣ ಹಗ್ಗ, ಕತ್ತಿ ಕೇಳಿದರು.

“ಬೇಡ ಅಪ್ಪ, ನಿಮಗೆ ಅರುವತ್ತಮೂರು ಆಯ್ತು” ಎಂದ ಶರತ್.

“ಮೊನ್ನೆ ನಮ್ಮ ತೋಟದಲ್ಲಿ ಹತ್ತಿದ್ದು ಯಾರು, ನೀನಾ? ಅಡಿಕೆ ಗೊತ್ತಿಲ್ಲ ಅಂತ ಹೇಳಿದ್ರಲ್ಲ ಅವ್ರು. ಸುಮ್ಮನೆ ಇರು.”

ಹಗ್ಗವನ್ನು ಹೊಸೆದು ತಳೆ ಮಾಡಿದರು. ತಳೆಯೆಂದರೆ ಮರ ಹತ್ತುವಾಗ ಎರಡೂ ಪಾದಗಳನ್ನು ಸೇರಿಸಿ ಹಿಡಿಯುವ ಬಳೆ. ನಾನು ಇಸ್ತ್ರಿ ಮಾಡಿ ತೊಡಿಸಿದ್ದ ಪ್ಯಾಂಟು ಬಿಚ್ಚಿ, ಚೀಲದಲ್ಲಿದ್ದ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದರು. ಕತ್ತಿ ಸೊಂಟಕ್ಕೆ ಸಿಕ್ಕಿಸಿ ಮರ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹತ್ತಿದರು. ನನಗೆ ಏಳು ವರ್ಷವಿದ್ದಾಗ ಹೇಗೆ ಹತ್ತುತ್ತಿದ್ದರೋ ಹಾಗೆಯೇ, ಅವಸರವಿಲ್ಲದೆ, ಎಲ್ಲಿಯೂ ನಿಲ್ಲದೆ. ರಸ್ತೆಯಲ್ಲಿ ಹೋಗುತ್ತಿದ್ದ ಬೈಕುಗಳು ಒಂದೊಂದಾಗಿ ನಿಂತವು. ಮಗನನ್ನು ಗೊನೆ ಹಿಡಿಯಲು “ಬಾ” ಎಂದು ಮೇಲಿನಿಂದ ಕೂಗಿದಾಗ, ಆ ಸಪಾಟು ದನಿ ಕೇಳಿ ಲಿಯೆನ್‌ಳ ತಂದೆಯೂ ಎರಡು ಹೆಜ್ಜೆ ಮುಂದೆ ಬಂದರು.

ಮರದ ತುದಿಯಲ್ಲಿ ಎರಡು ಗೊನೆ ಇದ್ದವು. ಒಂದು ಹಣ್ಣಾದದ್ದು, ಒಂದು ಹಸಿರು. ಅಣ್ಣನ ಕೈ ತನ್ನಿಂದ ತಾನೇ ಹಣ್ಣಿನ ಕಡೆಗೆ ಹೋಯಿತು. ಕೆಳಗಿನಿಂದ ಅಜ್ಜಿ ಕೋಲು ನೆಲಕ್ಕೆ ಬಡಿದು ಬೇಡ ಬೇಡ ಎಂದರು. ಹಸಿರಿನದ್ದು ಕೊಯ್ಯಬೇಕಂತೆ ಎಂದು ಶರತ್ ಕೂಗಿದ. ಅಣ್ಣ ಅಲ್ಲೇ ನಿಂತುಬಿಟ್ಟರು.

ನನಗೆ ಅವರ ಕಷ್ಟ ಗೊತ್ತಾಯಿತು. ಎಳೆಯ ಗೊನೆಗೆ ಕತ್ತಿ ಹಾಕಿದ ಕೆಲಸದವನನ್ನು ನಮ್ಮ ಅಪ್ಪ ಒಂದು ವಾರ ತೋಟಕ್ಕೆ ಸೇರಿಸಿರಲಿಲ್ಲ. ಹಣ್ಣಾಗುವ ಮೊದಲು ಕೊಯ್ಯುವುದು ನಮ್ಮ ಮನೆಯಲ್ಲಿ ಪಾಪದ ಲೆಕ್ಕ. ಆ ವಯಸ್ಸಿನಲ್ಲಿ, ಆ ಎತ್ತರದಲ್ಲಿ, ಪರದೇಶದ ಮರವನ್ನು ಅಪ್ಪಿಕೊಂಡು ಅವರು ತಮ್ಮ ಇಡೀ ಆಯುಷ್ಯದ ಅಭ್ಯಾಸದ ಎದುರು ನಿಂತಿದ್ದರು.

“ಅಣ್ಣ, ಮರ ಅವ್ರದ್ದು, ಕ್ರಮ ಅವ್ರದ್ದು. ಕೊಯ್ಯಿ” ಎಂದು ಕೂಗಿದೆ.

ಆಮೇಲೆ ಕತ್ತಿ ಹಸಿರು ಗೊನೆಯ ಬುಡಕ್ಕೆ ಬಿತ್ತು. ಅದನ್ನು ಕೆಳಗೆ ಎಸೆಯಲಿಲ್ಲ. ಹಗ್ಗಕ್ಕೆ ಕಟ್ಟಿ, ತೊಟ್ಟಿಲಿನಿಂದ ಮಗುವನ್ನು ಇಳಿಸುವಷ್ಟು ಜೋಪಾನವಾಗಿ ಇಳಿಸಿದರು. ಶರತ್ ಎದೆಗೆ ಅವುಚಿ ಹಿಡಿದ. ಒಂದು ಕಾಯಿಯೂ ಉದುರಲಿಲ್ಲ.

ಅಜ್ಜಿ ಗೊನೆಯನ್ನು ತಿರುಗಿಸಿ ನೋಡಿ ಎರಡು ಬೆರಳು ತೋರಿಸಿದರು. ಜೋಡಿ ಬೇಕಂತೆ. ಇನ್ನೊಂದು ಪಕ್ಕದ ಮರದಲ್ಲಿತ್ತು. ಇಳಿದು ಹತ್ತುತ್ತಾರೆ ಎಂದು ಜನ ದಾರಿ ಬಿಟ್ಟರು. ಅಣ್ಣ ಇಳಿಯಲಿಲ್ಲ. ತುದಿಯಲ್ಲಿದ್ದುಕೊಂಡೇ ಮರವನ್ನು ಹಿಂದಕ್ಕೂ ಮುಂದಕ್ಕೂ ತೂಗಿದರು. ಮೂರನೆಯ ತೂಗಿಗೆ ಕೈ ಚಾಚಿ ಪಕ್ಕದ ಮರವನ್ನು ಹಿಡಿದು ದಾಟಿಬಿಟ್ಟರು. ನಮ್ಮಲ್ಲಿ ಒಳ್ಳೆಯ ಕೊಯ್ಲಿನವರೆಲ್ಲ ಹೀಗೆಯೇ ಮರದಿಂದ ಮರಕ್ಕೆ ಹೋಗುವುದು, ಯಾರೂ ಕತ್ತೆತ್ತಿ ನೋಡುವುದಿಲ್ಲ. ಅಲ್ಲಿ ಇಡೀ ರಸ್ತೆ ಚಪ್ಪಾಳೆ ತಟ್ಟಿತು. ಅಜ್ಜಿಯ ಕೋಲು ಕೈಯಿಂದ ಜಾರಿ ಬಿದ್ದಿತ್ತು. ನಾನು ಅತ್ತೆನೆಂದು ಶರತ್ ಎಲ್ಲರಿಗೂ ಹೇಳುತ್ತಿದ್ದಾನೆ. ಹೌದು, ಅತ್ತೆ.

ತಟ್ಟೆಯಲ್ಲಿದ್ದ ಒಣ ಅಡಿಕೆಯನ್ನು ಡಬ್ಬಿಗೆ ತುಂಬಿ, ಜೋಡಿ ಗೊನೆಗಳನ್ನು ಕೆಂಪು ಬಟ್ಟೆಯ ಮೇಲೆ ಇಟ್ಟು ಅಣ್ಣ ಕೈಮುಗಿದರು. ಅಜ್ಜಿ ಒಂದು ಕಾಯಿ ಕಿತ್ತರು. ಈ ಸಲ ಮತ್ತೆ ಇಡಲಿಲ್ಲ. ಸೀಳಿ, ಎಲೆಗೆ ಸುಣ್ಣ ಹಚ್ಚಿ, ಮಡಚಿ, ಮೊದಲನೆಯದನ್ನು ಅಣ್ಣನ ಕೈಗೇ ಕೊಟ್ಟರು. ಎರಡು ಮರ ಗೆದ್ದ ಮನುಷ್ಯನಿಗೆ ಆ ಒಂದು ಚೂರು ಹಸಿ ಅಡಿಕೆ ಸೊಕ್ಕಿತು. ಕಿವಿ ಕೆಂಪಾಗಿ, ಬೆವರಿ, ಕಂಬ ಹಿಡಿದು ಕೂತುಬಿಟ್ಟರು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಗಾಳಿ ಹಾಕಿದರು.

ನಕ್ಕು ಮುಗಿದ ಮೇಲೆ ಡಬ್ಬಿಯತ್ತ ಬೊಟ್ಟು ಮಾಡಿದರು. ನಾನು ಅಜ್ಜಿಯ ಅಡಕತ್ತರಿಯಿಂದ ನಮ್ಮ ಅಡಿಕೆಯನ್ನು ಸಣ್ಣಗೆ ಹೆಚ್ಚಿ, ಕುಟ್ಟಿ ಕೊಟ್ಟೆ. ಬಹಳ ಹೊತ್ತು ಜಗಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದೆವು. ಹಸಿಯದ್ದು ಮದುಮಗಳ ಅಡಿಕೆ, ಇದು ಮುದುಕಿಯರ ಅಡಿಕೆ, ಎರಡನ್ನೂ ತಿಳಿದ ಮನೆಗೆ ಹುಡುಗಿ ಹೋಗಬಹುದು ಎಂದು ಹೇಳಿ, ಡಬ್ಬಿಯ ಮುಚ್ಚಳ ಹಾಕಿ ತಮ್ಮ ಕಡೆಗೆ ಎಳೆದುಕೊಂಡರು.

ಹೊರಡುವಾಗ

ಊಟ ಮುಗಿದು ಬಿಸಿಲು ಇಳಿಯುವಾಗ ಎದ್ದೆವು. ನಾನು ಅಭ್ಯಾಸಬಲದಿಂದ ಬರ್ತೇವೆ ಎಂದೆ. ಶರತ್ ಹಾಗೆಯೇ ಅನುವಾದ ಮಾಡಿದ. ಹೋಗುವವರು ಬರುತ್ತೇವೆ ಎನ್ನುವುದೇಕೆ ಎಂದು ಅಜ್ಜಿ ಕೇಳಿದರು. ನಮ್ಮಲ್ಲಿ ಹೊಸ್ತಿಲಲ್ಲಿ ನಿಂತು ಹೋಗ್ತೇನೆ ಎನ್ನುವ ಕ್ರಮ ಇಲ್ಲ, ಎಷ್ಟು ದೂರ ಹೋಗುವವರೂ ಬರ್ತೇನೆ ಎಂದೇ ಹೊರಡುವುದು, ಉಳಿದವರೂ ಬಾ ಎಂದೇ ಕಳಿಸುವುದು ಎಂದು ಹೇಳಿಸಿದೆ. ಅಜ್ಜಿ ಆ ಒಂದಕ್ಷರವನ್ನು ಬಾಯಲ್ಲೇ ಎರಡು ಸಲ ಹೊರಳಿಸಿ ನೋಡಿದರು. ಆಮೇಲೆ ಅಣ್ಣನ ಕೈ ಹಿಡಿದು, ದನಿ ಇಳಿಸದೆ, ಏರಿಸದೆ, ಮರ್ಕಂಜದವರು ಹೇಳುವ ಹಾಗೆಯೇ “ಬಾ” ಎಂದರು.

ಅಣ್ಣ ಹ್ಞೂಂ ಎಂದು ಕಾರಿನ ಕಡೆಗೆ ನಡೆದರು. ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟವರು ನಿಂತರು. ಕಾಲು ಹೊರಗೆ ತೆಗೆದು ತಿರುಗಿ ಬಂದರು. ಲಿಯೆನ್ ಅಜ್ಜಿಯ ಹಿಂದೆ ನಿಂತಿದ್ದಳು. ಒಂದು ವರ್ಷದಲ್ಲಿ ಮೊದಲ ಸಲ ಅಣ್ಣ ಅವಳ ಮುಖ ನೋಡಿದರು.

“ಮನೆಗೆ ಬಾ ಮಗಳೇ” ಎಂದರು.

ಶರತ್ ಅನುವಾದ ಮಾಡಲು ಬಾಯಿ ತೆರೆದ. ಲಿಯೆನ್ ಅವನ ಕೈ ಒತ್ತಿ ತಡೆದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಆದರೆ ನಗುತ್ತಿದ್ದಳು. ಅಣ್ಣ ತಕ್ಷಣ ಆಕಾಶ ನೋಡಿ, ಆ ಮೂಲೆಯ ಮರಗಳ ಬುಡದಲ್ಲಿ ನೀರು ನಿಲ್ಲುತ್ತದೆ, ಕಣಿ ತೋಡಿಸಲು ಹೇಳು ಎಂದು ಮಗನಿಗೆ ಹೇಳತೊಡಗಿದರು.

ನಾನು ಕುತ್ತಿಗೆಯಿಂದ ಟೇಪು ತೆಗೆದೆ. ಪುತ್ತೂರಿನಿಂದ ಅದನ್ನು ಹೊತ್ತು ತಂದಿದ್ದೆ, ಆದರೆ ಒಪ್ಪಿಗೆ ಆಗದ ಹುಡುಗಿಯ ರವಿಕೆಗೆ ಅಳತೆ ತೆಗೆಯಬಾರದು ಎಂದು ಎರಡು ದಿನ ಕೈ ಕಟ್ಟಿಕೊಂಡಿದ್ದೆ. ಬಾ ಎಂದು ಲಿಯೆನ್‌ಳನ್ನು ಅಂಗಳದ ಬೆಳಕಿಗೆ ಕರೆದುಕೊಂಡು ಬಂದು ಕೈ ಎತ್ತಿಸಿದೆ. ತೋಳು, ಎದೆ, ಬೆನ್ನು, ಎಲ್ಲ ಬರೆದುಕೊಂಡೆ. ಮುಗಿಸಿ ತಿರುಗಿ ನೋಡಿದರೆ ಅವಳ ಹಿಂದೆ ಅಜ್ಜಿಯೂ ಎರಡೂ ಕೈ ಎತ್ತಿ, ತಮ್ಮ ಸರದಿಗೆ ಕಾದು ನಿಂತಿದ್ದರು.